ವಾಜಿದಾಳ ಪಾಸ್‌ವರ್ಡ್

ಫ್ರೇಜರ್ ಟೌನಿನ ವಾಜಿದಾಳಿಗೆ ಕಂಪ್ಯೂಟರ್ ಕಲಿಸಿದವನು ಅವಳ ಅಣ್ಣ ಹಸನ್. ಮೌಸಿನ ಗುಂಡು ತೆಗೆದು ಕಸ ಒರೆಸುವುದು, ಸರಿಯಾಗಿ ಶಟ್‌ಡೌನ್ ಮಾಡುವುದು, ಗೊತ್ತಿಲ್ಲದವರು ಕಳಿಸಿದ ಫೈಲು ತೆರೆಯದಿರುವುದು, ಎಲ್ಲವನ್ನೂ ತಾಳ್ಮೆಯಿಂದ ಹೇಳಿಕೊಟ್ಟಿದ್ದ. ಇ-ಮೇಲ್ ಖಾತೆ ತೆರೆದು ಪಾಸ್‌ವರ್ಡ್ ಇಟ್ಟವನೂ ಅವನೇ. ಅದನ್ನು ಬದಲಿಸಬೇಕೆಂದು ಅವಳಿಗೆ ಅನ್ನಿಸಿರಲೇ ಇಲ್ಲ.

2002ರಲ್ಲಿ ಅವಳು, ಕಿವುಡ ಮಕ್ಕಳಿಗೆ ಪಾಠ ಹೇಳುವ ತರಬೇತಿಗಾಗಿ ಚೆನ್ನೈನ ಕಾಲೇಜೊಂದಕ್ಕೆ ಅರ್ಜಿ ಹಾಕಿದಳು. ದಿನವೂ ಮೇಲ್ ನೋಡಿದರೂ ಉತ್ತರ ಬರಲಿಲ್ಲ. ಕೊನೆಗೆ ಕಾಲೇಜಿಗೆ ಫೋನ್ ಮಾಡಿದಾಗ, ಸೀಟು ಕೊಟ್ಟು ಮೇಲ್ ಕಳಿಸಿದ್ದೆವು, ಬೇಡವೆಂದು ನೀವೇ ಬರೆದಿದ್ದೀರಲ್ಲ ಎಂದರು. ಅವಳು ಕಳಿಸಿದ ಮೇಲುಗಳ ಫೋಲ್ಡರ್ ತೆರೆದು ನೋಡಿದಳು. ಅವಳ ಹೆಸರಿನಲ್ಲಿ, ಅವಳಿಗೆ ಬಾರದಷ್ಟು ಸೊಗಸಾದ ಇಂಗ್ಲಿಷಿನಲ್ಲಿ ಬರೆದ ಮೇಲ್ ಅಲ್ಲಿತ್ತು.

"ಭಾಯಿ, ಇದು ನೀವಾ ಬರ್ದಿದ್ದು?"

ಹಸನ್ ತಲೆ ತಗ್ಗಿಸಿದ. "ಒಬ್ಬಳೇ ಅಷ್ಟು ದೂರ ಹೆಂಗಿರ್ತೀಯಾ ಅಂತ ಭಯ ಆಯ್ತು. ನಿನ್ನ ಒಳ್ಳೇದಕ್ಕೇ ಮಾಡ್ದೆ."

"ಬೇಡ ಅಂತ ನಂಗೇ ಹೇಳ್ಬೋದಿತ್ತು. ಜಗಳ ಆಡ್ತಿದ್ದೆ, ಅಷ್ಟೇ."

ಮರುದಿನ ಅವಳು ಕೋಲ್ಸ್ ರಸ್ತೆಯ ಸೈಬರ್ ಸೆಂಟರಿಗೆ ಹೋಗಿ ಹೊಸ ಖಾತೆ ತೆರೆದಳು. ಪಾಸ್‌ವರ್ಡನ್ನು ಯಾರಿಗೂ ಹೇಳಲಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದಾಗ ಸೀಟು ಸಿಕ್ಕಿತು. ಕಂಟೋನ್ಮೆಂಟ್ ಸ್ಟೇಷನ್ನಿಗೆ ಹಸನ್ನೇ ಸೂಟ್‌ಕೇಸ್ ಹೊತ್ತು ಬಂದ.

"ತಲುಪಿದ್ಮೇಲೆ ಮೇಲ್ ಹಾಕು" ಎಂದ.

ಅವಳು ಹೂಂ ಅಂದಳು. ಆದರೆ ಚೆನ್ನೈ ತಲುಪಿದ್ದನ್ನು ಅಮ್ಮನಿಗೆ ಫೋನಿನಲ್ಲಿ ತಿಳಿಸಿದಳು. ಹೊಸ ಇ-ಮೇಲ್ ವಿಳಾಸವನ್ನು ಅಣ್ಣನಿಗೆ ಅವಳು ಕೊನೆಗೂ ಕೊಡಲಿಲ್ಲ.