ಕೊನೆಯ ಕಿಡಿ ಆರುವ ತನಕ

ಒಂದೂರಿನಲ್ಲಿ ಒಬ್ಬಳಿದ್ದಳಂತೆ. ಆಕಾಶದಿಂದ ಚುಕ್ಕಿಗಳು ಉದುರಿದಾಗ ಯಾವುದು ಎಲ್ಲಿ ಬಿತ್ತೆಂದು ಹುಡುಕಿ, ಒಂದೊಂದನ್ನೇ ನಂದಿಸಿ, ಕೊನೆಯದು ತಣ್ಣಗಾಗುವವರೆಗೂ ಕಾದು ಕೂರುವುದು ಅವಳ ಕೆಲಸವಂತೆ. ಊರವರು ಬೆಳಗ್ಗೆ ಎದ್ದು, ಮನೆಗಳೆಲ್ಲ ಇದ್ದಲ್ಲೇ ಇರುವುದನ್ನು ಕಂಡು, ಅವಳನ್ನು ಮರೆತು ತಮ್ಮ ಪಾಡಿಗೆ ಹೋಗುತ್ತಿದ್ದರಂತೆ.

ಅಜ್ಜಿಯರ ಕಥೆಯಲ್ಲಾದರೆ ಅಂಥವಳಿಗೆ ಕೊನೆಗೊಂದು ಸಿಂಹಾಸನ ಸಿಗುತ್ತದೆ. ಬಸ್ ಡಿಪೊ ಹಿಂದಿನ ಬೀದಿಯಲ್ಲಿ, ತಮ್ಮನ ವೆಲ್ಡಿಂಗ್ ಅಂಗಡಿಯಲ್ಲಿ ಕೂರುವ ಕಿಡಿಯಕ್ಕನಿಗೆ ಸಿಕ್ಕಿರುವುದು ಬೋರಲು ಹಾಕಿದ ಪೇಂಟ್ ಡಬ್ಬ. ಕಿಡಿಯಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಸ್ವಂತ ಹೆಸರು ಹಿಡಿದು ಕರೆದರೆ ಈಗ ತಾವೇ ತಿರುಗಿ ನೋಡುವುದಿಲ್ಲ ಎಂದು ಆಕೆ ನಗುತ್ತಾರೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದ ಕಿಡಿಯಕ್ಕ ಮೊದಲು ಪೊರಕೆ ಹಿಡಿಯುತ್ತಾರೆ. ಪಕ್ಕದ ಬಡಗಿಯ ಅಂಗಡಿಯಿಂದ ಹಾರಿ ಬಂದ ಮರದ ಹೊಟ್ಟು, ಎಣ್ಣೆ ಒರೆಸಿ ಎಸೆದ ಬಟ್ಟೆ ಚೂರು, ಬೀಡಿ ಕಟ್ಟಿನ ಕಾಗದ, ಎಲ್ಲ ಹೊರಗೆ. ಆಮೇಲೆ ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು, ನೆನೆಸಿದ ಗೋಣಿಚೀಲ. ಇಷ್ಟು ಆಗುವವರೆಗೆ ತಮ್ಮನು ಕೆಲಸಕ್ಕೆ ಕೈ ಹಾಕುವಂತಿಲ್ಲ.

ತಮ್ಮನ ಮುಖದ ಮುಂದೆ ಕಪ್ಪು ಗಾಜು. ಅವನಿಗೆ ಕಾಣುವುದು ಕರಗುತ್ತಿರುವ ಕಬ್ಬಿಣದ ಒಂದು ಚುಕ್ಕೆ ಮಾತ್ರ. ಕಿಡಿಗಳು ಎತ್ತ ಓಡಿದವೆಂದು ನೋಡಲು ಬೇರೆ ಕಣ್ಣು ಬೇಕು. ಬೆಳಕಿಗೆ ಓರೆಯಾಗಿ ಕೂತು ಕಿಡಿಯಕ್ಕ ನೋಡುವುದು ನೆಲವನ್ನು. "ಕಿಡಿ ಅಂದ್ರೆ ಇಲಿ ಇದ್ದ ಹಾಗೆ. ನೆಟ್ಟಗೆ ಓಡಲ್ಲ. ಗೋಡೆಗೆ ಬಡಿದು, ಉರುಳಿ, ಸಂದಿ ಹುಡುಕಿಕೊಂಡು ಹೋಗಿ ಕೂರುತ್ತೆ," ಎನ್ನುತ್ತಾರೆ.

ಹಾಗೆ ಹೋಗಿ ಕೂತ ಕಿಡಿಯೇ ಆಕೆಯನ್ನು ಇಲ್ಲಿಗೆ ತಂದದ್ದು. ಆಗ ಮನೆಯಲ್ಲಿ ಹೊಲಿಗೆ ಹಾಕುತ್ತಿದ್ದರು. ಒಂದು ಮಧ್ಯಾಹ್ನ ತಮ್ಮನು ಕೆಲಸ ಮುಗಿಸಿ, ಬಾಗಿಲೆಳೆದು ಊಟಕ್ಕೆ ಬಂದಿದ್ದ. ಗೋಡೆಯ ಬಿರುಕು ದಾಟಿದ ಒಂದು ಕಿಡಿ ಬಡಗಿಯ ಹೊಟ್ಟಿನ ರಾಶಿಯಲ್ಲಿ ಸದ್ದಿಲ್ಲದೆ ಹೊಗೆಯಾಡಿ, ಅವರು ಕೈ ತೊಳೆಯುವಷ್ಟರಲ್ಲಿ ಅವನು ಮಾಡಿ ಸಾಲಾಗಿ ನಿಲ್ಲಿಸಿದ್ದ ಬಾಗಿಲುಗಳನ್ನು ನುಂಗಿತ್ತು. ಜೀವಕ್ಕೇನೂ ಆಗಲಿಲ್ಲ. ಮಾರನೆಯ ದಿನದಿಂದ ಅಕ್ಕ ಅಂಗಡಿಗೆ ಬಂದು ಕೂತರು. ಕೆಲಸ ನಿಂತ ಮೇಲೂ ಅರ್ಧ ಗಂಟೆ ಏಳುವುದಿಲ್ಲ.

ಹೊಲಿಗೆಯನ್ನೂ ಬಿಟ್ಟಿಲ್ಲ. ತಮ್ಮನ ಚರ್ಮದ ಏಪ್ರನ್, ಮೊಣಕೈವರೆಗಿನ ತೋಳುಗವಸುಗಳು, ಎಲ್ಲವೂ ಹಳೆಯ ಚರ್ಮದ ಬ್ಯಾಗುಗಳನ್ನು ಬಿಚ್ಚಿ ಆಕೆ ಹೊಲಿದವು. ಅಂಗಿಗೆ ಜೇಬು ಇಡುವುದಿಲ್ಲ. "ಜೇಬು ಇಟ್ರೆ ಕಿಡಿಗೆ ಮನೆ ಕಟ್ಟಿಕೊಟ್ಟ ಹಾಗೆ," ಎಂಬುದು ಆಕೆಯ ಲೆಕ್ಕ. ಇಷ್ಟೆಲ್ಲ ಮಾಡುವ ಅಕ್ಕನಿಗೊಂದು ಸ್ಟೂಲ್ ಮಾಡಿಕೊಡುತ್ತೇನೆಂದು ತಮ್ಮನು ಮಾತು ಕೊಟ್ಟು ವರ್ಷಗಳಾದವು. ಬೀದಿಯ ಗೇಟುಗಳೆಲ್ಲ ಅವನ ಕೈಯವೇ. ಸ್ಟೂಲ್ ಮಾತ್ರ ನಾಳೆ.

ಇವತ್ತು ಅಂಗಡಿಯ ಮುಂದೆ ಒಂದು ಡ್ರಮ್ ನಿಂತಿದೆ. ಲಾಂಡ್ರಿಯವನದು; ಅವನೂ ಪಕ್ಕದಲ್ಲೇ ನಿಂತಿದ್ದಾನೆ. ಮೇಲಿನ ಮುಚ್ಚಳ ಕತ್ತರಿಸಿದರೆ ಬಟ್ಟೆ ನೆನೆಸುವ ತೊಟ್ಟಿಯಾಗುತ್ತದೆ. ಆಸ್ಪತ್ರೆಯ ಹೊದಿಕೆ ಒಗೆಯುವ ಕೆಲಸ ಇವತ್ತಿನಿಂದ ಅವನಿಗೆ ಸಿಕ್ಕಿದೆ. ಬೆಳಗ್ಗೆಯೇ ಕತ್ತರಿಸಿಕೊಡುತ್ತೇನೆಂದು ತಮ್ಮ ಒಪ್ಪಿದ್ದಾನೆ.

"ಒಳಗೆ ಏನಿತ್ತು?" ಕಿಡಿಯಕ್ಕನ ಮೊದಲ ಪ್ರಶ್ನೆ.

"ಪೇಂಟಿಗೆ ಬೆರೆಸೋ ಥಿನ್ನರ್. ಈಗ ಖಾಲಿ ಅಕ್ಕಾ. ನಿನ್ನೆ ಸೋಪು ಹಾಕಿ ತೊಳೆದಿದ್ದೀನಿ. ಧೂಳು ಹೋಗಬಾರದು ಅಂತ ಬಿರಡೆ ಬಿಗಿಯಾಗಿ ತಿರುಗಿಸಿ, ಬಿಸಿಲಲ್ಲಿ ಇಟ್ಟಿದ್ದೆ."

ಗ್ಯಾಸ್ ಕಟರ್ ಹಿಡಿದ ತಮ್ಮನ ಕೈ ಅಲ್ಲೇ ನಿಲ್ಲುತ್ತದೆ.

"ತೊಳೆದು ಮುಚ್ಚಿಟ್ಟೆಯಾ! ಇದನ್ನ ಹಾಗೇ ಕತ್ತರಿಸಕ್ಕಾಗಲ್ಲ," ಎನ್ನುತ್ತಾರೆ ಕಿಡಿಯಕ್ಕ.

"ಆಗಲ್ಲ ಅಂದ್ರೆ ಮೂಲೆ ವೆಲ್ಡಿಂಗ್ ಅಂಗಡಿಯವನು ಈಗಲೇ ಕತ್ತರಿಸಿ ಕೊಡ್ತಾನೆ. ಹೊದಿಕೆ ಗಾಡಿ ಬರೋ ಹೊತ್ತಾಯ್ತು ಅಕ್ಕಾ. ತೊಟ್ಟಿ ಇಲ್ಲ ಅಂದ್ರೆ ಮೊದಲ ದಿನವೇ ಬೇರೆಯವರಿಗೆ ಕೊಡ್ತಾರೆ!"

ಲಾಂಡ್ರಿಯವನು ಡ್ರಮ್ಮಿಗೆ ಕೈ ಹಾಕಿ ವಾಲಿಸುತ್ತಾನೆ. ಮೂಲೆ ಅಂಗಡಿಯವನು ಏನಿತ್ತೆಂದು ಕೇಳುವವನಲ್ಲ. ಕಿಡಿಯಕ್ಕ ಒಂದು ಕ್ಷಣ ಯೋಚಿಸಿ, ಪೇಂಟ್ ಡಬ್ಬದ ಮೇಲೆ ಕಾಲಿಟ್ಟು, ಹತ್ತಿ ಡ್ರಮ್ಮಿನ ಮೇಲೆ ಕೂತೇಬಿಡುತ್ತಾರೆ.

"ಏನಕ್ಕಾ ಇದು?"

"ಹೊತ್ಕೊಂಡು ಹೋಗೋದಾದ್ರೆ ನನ್ನನ್ನೂ ಸೇರಿಸಿ ಹೊತ್ಕೊಂಡು ಹೋಗು."

ಬಡಗಿ ಹೊರಗೆ ಬಂದು ನಗುತ್ತಾನೆ. ಲಾಂಡ್ರಿಯವನಿಗೆ ಅಳು ಬರುವುದೊಂದೇ ಬಾಕಿ. ಕಿಡಿಯಕ್ಕನ ದನಿ ಮೆತ್ತಗಾಗುತ್ತದೆ. "ಇಲ್ನೋಡಪ್ಪ, ಬಟ್ಟೆ ಮೇಲೆ ಸೀಮೆಎಣ್ಣೆ ಚೆಲ್ಲಿದ್ರೆ ಒಂದೇ ಸಲಕ್ಕೆ ಹೋಗುತ್ತಾ?"

"ಕಲೆ ಹೋಗುತ್ತೆ. ವಾಸನೆ ಹೋಗಲ್ಲ. ಸೋಡಾ ಹಾಕಿ ಬಿಸಿನೀರಲ್ಲಿ ಇನ್ನೊಂದು ಸಲ..." ಅವನು ಡ್ರಮ್ಮಿನ ಕಡೆ ತಿರುಗಿ ನೋಡುತ್ತಾನೆ.

ಕಟರ್ ಮತ್ತು ಸಿಲಿಂಡರುಗಳನ್ನು ದೂರ ಸರಿಸಿದ ಮೇಲೆ ಕಿಡಿಯಕ್ಕ ಕೆಳಗಿಳಿದು, ಮುಖ ಪಕ್ಕಕ್ಕಿಟ್ಟುಕೊಂಡು, ಬಿರಡೆಯನ್ನು ನಿಧಾನವಾಗಿ ಸಡಿಲಿಸುತ್ತಾರೆ. ಡ್ರಮ್ "ಬುಸ್" ಎನ್ನುತ್ತದೆ. ಖಾಲಿ ಡ್ರಮ್ಮಿನ ಉಸಿರು ಬೀದಿಗೆಲ್ಲ ನಾರುತ್ತದೆ. ಯಾರೂ ನಗುವುದಿಲ್ಲ.

"ಇದಕ್ಕೆ ಬೆಂಕಿ ತೋರಿಸಿದ್ದಿದ್ರೆ ಡ್ರಮ್ಮೇ ಸಿಡೀತಿತ್ತು," ಎನ್ನುತ್ತಾನೆ ತಮ್ಮ.

"ನಿನ್ನ ಹತ್ರ ಒಲೆ ಇದೆ, ಹಂಡೆ ಇದೆ, ಸೋಡಾ ಇದೆ," ಎನ್ನುತ್ತಾರೆ ಕಿಡಿಯಕ್ಕ. "ಹೊದಿಕೆ ಆಮೇಲೆ ಒಗಿ. ಮೊದಲು ಇದನ್ನ ಒಗಿ."

ಲಾಂಡ್ರಿಯವನು ಓಡುತ್ತಾನೆ. ಬಿಸಿ ಸೋಡಾ ನೀರು ಬರುತ್ತದೆ, ಡ್ರಮ್ಮಿನೊಳಗೆ ಕುಲುಕಿ ಚೆಲ್ಲುತ್ತಾರೆ, ಮತ್ತೆ ತರುತ್ತಾರೆ. ಬಡಗಿಯೂ ಕೊಡ ಹಿಡಿಯುತ್ತಾನೆ. ವಾಸನೆ ಹೋದ ಮೇಲೆ ಡ್ರಮ್ಮನ್ನು ನಿಲ್ಲಿಸಿ, ಮುಚ್ಚಳದ ಕೆಳಗೆ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯ ಅಂಚಿನವರೆಗೆ ತಣ್ಣೀರು ತುಂಬಿಸುತ್ತಾರೆ. ಒಳಗಿನ ಗಾಳಿಗೆ ದಾರಿಯಿರಲೆಂದು ಮುಚ್ಚಳದ ದೊಡ್ಡ ಬಿರಡೆ, ಚಿಕ್ಕ ಬಿರಡೆ ಎರಡೂ ಹೊರಗೆ. ಅಷ್ಟರಲ್ಲಿ ಹೊದಿಕೆ ಗಾಡಿ ಬಂದು ಲಾಂಡ್ರಿಯ ಮುಂದೆ ಹಾರನ್ ಹೊಡೆಯುತ್ತದೆ. "ಬಂದೇ, ಬಂದೇ! ತೊಟ್ಟಿಗೆ ಸ್ನಾನ ಆಗ್ತಿದೆ!" ಎಂದು ಅವನು ಇಲ್ಲಿಂದಲೇ ಕೂಗುತ್ತಾನೆ.

ಈಗ ಕಿಡಿಯಕ್ಕ ತಲೆಯಾಡಿಸುತ್ತಾರೆ. ನೀಲಿ ಜ್ವಾಲೆ ಗೆರೆಯುದ್ದಕ್ಕೂ ನಡೆಯುತ್ತದೆ. ಒಳಗೆ ಬಿದ್ದ ಕಿಡಿಗಳು ನೀರಿನಲ್ಲಿ "ಚುಂಯ್" ಎಂದು ಸಾಯುತ್ತವೆ, ಹೊರಗೆ ಬಿದ್ದವುಗಳ ಹಿಂದೆ ಒದ್ದೆ ಗೋಣಿ ಓಡುತ್ತದೆ. ಒಂದು ಸುತ್ತು ಮುಗಿದಾಗ ಮುಚ್ಚಳ ತಟ್ಟೆಯಂತೆ ಕಳಚಿ ಬರುತ್ತದೆ. ತಮ್ಮನು ತೊಟ್ಟಿಯ ಅಂಚನ್ನು ಉಜ್ಜಿ ಕೊಡುತ್ತಾನೆ, ಹೊತ್ತೊಯ್ಯಲು ಬಡಗಿ ಒಂದು ಬದಿ ಹಿಡಿಯುತ್ತಾನೆ. ಹೊದಿಕೆಗಳು ಅದೇ ಬೆಳಗ್ಗೆ ನೆನೆಯುತ್ತವೆ.

ಏನೂ ಆಗಲಿಲ್ಲ. ನಾಳೆ ಬೀದಿಯಲ್ಲಿ ಹೇಳಿಕೊಳ್ಳಲೂ ಏನಿಲ್ಲ. ಬೇಸರವಾಗುವುದಿಲ್ಲವೇ ಎಂದರೆ ಕಿಡಿಯಕ್ಕ ಗೋಣಿ ಹಿಂಡುತ್ತ, "ಎಲ್ಲರೂ ಬೈಕೊಂಡಾದ್ರೂ ಮನೆಗೆ ಹೋಗಿ ಊಟ ಮಾಡ್ತಾರಲ್ಲ, ಅಷ್ಟು ಸಾಕು," ಎನ್ನುತ್ತಾರೆ. ಆಮೇಲೆ ಮೆಲ್ಲಗೆ ಸೇರಿಸುತ್ತಾರೆ: "ಆ ಡ್ರಮ್ ಮೇಲೆ ಕೂತಾಗ ಮಾತ್ರ ಹಾಯಾಗಿತ್ತು ನೋಡಿ. ಈ ಡಬ್ಬ ಸೊಂಟ ಹಿಡಿಸುತ್ತೆ."

ತಮ್ಮನ ಕಿವಿಗೆ ಬಿತ್ತು. ಲಾಂಡ್ರಿಯವನು ಬಿಟ್ಟುಹೋದ ಮುಚ್ಚಳವನ್ನು ತಿರುಗಿಸಿ ನೋಡುತ್ತಾನೆ, ಬಣ್ಣ ಕೆರೆಯುತ್ತಾನೆ, ಅಂಚು ಮಡಿಸುತ್ತಾನೆ. ಮೂಲೆಯಲ್ಲಿದ್ದ ಪೈಪಿನಿಂದ ನಾಲ್ಕು ಕಾಲು ಕೊಯ್ಯುತ್ತಾನೆ. ಗಾಜು ಮುಖಕ್ಕಿಳಿಯುತ್ತದೆ. ಕಿಡಿ ಹಾರುತ್ತದೆ, ಅಕ್ಕನ ಕಣ್ಣು ನೆಲಕ್ಕೆ.

"ತಗೋ ಅಕ್ಕಾ, ಕೂತ್ಕೋ."

"ಆರಲಿ ಇರು."

"ನಿನ್ನದೇ ಸ್ಟೂಲ್ ಅಕ್ಕಾ!"

"ನನ್ನದಾದ್ರೆ ಕಿಡಿ ನೆಂಟನಾ?"

ಅರ್ಧ ಗಂಟೆ ಆಕೆ ತಮ್ಮದೇ ಸ್ಟೂಲಿನ ಪಕ್ಕ ನಿಂತು ಕಾಯುತ್ತಾರೆ. ನಡುವೆ ಒಂದು ಸಲ ಬಡಗಿಯ ಗೋಡೆಯ ಬಿರುಕಿಗೆ ನೀರು ಚಿಮುಕಿಸಿ ಬರುತ್ತಾರೆ. ಆಮೇಲೆ ಅಂಗೈ ಮಗುಚಿ ಒಂದೊಂದೇ ಬೆಸುಗೆಯ ಹತ್ತಿರ ಹಿಡಿಯುತ್ತಾರೆ. ಎಲ್ಲ ತಣ್ಣಗಾಗಿದೆ. ಸೆರಗು ಸರಿಮಾಡಿಕೊಂಡು ಕಿಡಿಯಕ್ಕ ಕೂರುತ್ತಾರೆ.