ಹಗ್ಗ ಎಳೆಯದ ಬೆಳಗ್ಗೆ

ಯಮುನೆಯ ದಡದಲ್ಲಿರುವ ನಮ್ಮ ಹಾಯಿದೋಣಿ ಕ್ಲಬ್ಬಿನ ಗಾಜಿನ ಕಪಾಟಿನಲ್ಲಿ ಒಂದು ಟ್ರೋಫಿ ಇದೆ. ಅದರ ಬುಡಕ್ಕೆ ಹೊಡೆದ ಹಿತ್ತಾಳೆ ಪಟ್ಟಿಗಳಲ್ಲಿ ನಾಲ್ಕು ಕಡೆ ನನ್ನ ಹೆಸರಿದೆ. ನಾಲ್ಕನೆಯದು ಕಳ್ಳತನದ್ದು. ಅದನ್ನು ಕಿತ್ತುಹಾಕಿ ಎಂದು ನಾನೇ ಹೋಗಿ ಕೇಳಿಕೊಂಡೆ. ಕೀಳಲಿಲ್ಲ. ಕದ್ದವನೇ ಬಂದು ಕದ್ದೆ ಎಂದರೂ ಕಿವಿಗೆ ಹಾಕಿಕೊಳ್ಳದ ಜನರ ಮೇಲೆ ನನಗೆ ಇವತ್ತಿಗೂ ಸಿಟ್ಟು ಆರಿಲ್ಲ. ನನ್ನ ಮೇಲಿನ ಸಿಟ್ಟಂತೂ ಆರುವ ಜಾತಿಯದೇ ಅಲ್ಲ.

ನಾನು ಕೊಡಗಿನವನು. ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಯ ಸೇರಿದೆ. ನದಿಗೆ ಸೇತುವೆ ಕಟ್ಟುವ, ದೋಣಿ ನಡೆಸುವ ಪಡೆಯಲ್ಲಿದ್ದು ಸುಬೇದಾರನಾಗಿ ನಿವೃತ್ತನಾದೆ. ಆಮೇಲೆ ದ್ವಾರಕಾದ ಫ್ಲಾಟಿನಲ್ಲಿ ಸುಮ್ಮನೆ ಕೂರಲಾರದೆ ಓಖ್ಲಾದ ಈ ಕ್ಲಬ್ಬಿನ ದೋಣಿಗಳನ್ನು ನೋಡಿಕೊಳ್ಳುವ ಕೆಲಸ ಒಪ್ಪಿಕೊಂಡೆ. ದ್ವಾರಕಾಕ್ಕೆ ಆಗಿನ್ನೂ ಮೆಟ್ರೋ ಬಂದಿರಲಿಲ್ಲ. ಭಾನುವಾರ ಬೆಳಗ್ಗೆ ಐದಕ್ಕೆ ಸ್ಕೂಟರ್ ಹತ್ತುತ್ತಿದ್ದೆ. ಸದಸ್ಯರಲ್ಲಿ ಹೆಚ್ಚಿನವರು ನಿವೃತ್ತ ಕರ್ನಲ್‌ಗಳು, ಬ್ರಿಗೇಡಿಯರ್‌ಗಳು. ಮೂವತ್ತು ವರ್ಷ ಇಂಥವರಿಗೆ ಸೆಲ್ಯೂಟ್ ಹೊಡೆದವನು ನಾನು. ನೀರಿಗೆ ಇಳಿದರೆ ಮಾತ್ರ ಅವರೆಲ್ಲ ನನ್ನ ಹಿಂದೆ. ಒಬ್ಬರೇ ನಡೆಸುವ ದೋಣಿಗಳ ರೇಸಿನಲ್ಲಿ ಮೂರು ವರ್ಷ ಸತತವಾಗಿ ಗೆದ್ದೆ. "ಸುಬೇದಾರ್ ಸಾಬ್, ಇವತ್ತು ಗಾಳಿ ಹೇಗೆ?" ಎಂದು ಅವರು ನನ್ನನ್ನು ಕೇಳಬೇಕು, ನಾನು ಆಕಾಶ ನೋಡಿ, ಸ್ವಲ್ಪ ಹೊತ್ತು ಕಾಯಿಸಿ, ಹೇಳಬೇಕು. ಆ ಸುಖ ನನಗೆ ಸಂಬಳಕ್ಕಿಂತ ಹೆಚ್ಚಾಗಿತ್ತು.

ಹಾಗಿರುವಾಗ ಅವಳು ಬಂದಳು. ಕಾರವಾರದ ಹೆಣ್ಣುಮಗಳು, ಮೂವತ್ತರ ಹತ್ತಿರ ವಯಸ್ಸು, ಗುರಗಾಂವ್‌ನಲ್ಲಿ ಕಂಪ್ಯೂಟರ್ ಕೆಲಸ. ಮೊದಲ ದಿನ ಗಂಟು ಬಿದ್ದ ಹಗ್ಗಕ್ಕೆ ನಾನು ಕನ್ನಡದಲ್ಲಿ ಬೈಯುತ್ತಿದ್ದೆ. ಹಿಂದಿನಿಂದ ನಗು ಕೇಳಿಸಿತು.

"ಅಂಕಲ್, ಹಗ್ಗದ ಅಮ್ಮನ ತನಕ ಹೋಗ್ಬೇಡಿ. ಕೊಡಿ ಇಲ್ಲಿ, ನಾನು ಬಿಡಿಸ್ತೀನಿ."

ಅಂದಿನಿಂದ ನಾನು ಸುಬೇದಾರ್ ಅಂಕಲ್, ಅವಳು ನನಗೆ ಮಗಾ. ಮನೆಗೂ ಬಂದು ನನ್ನ ಹೆಂಡತಿಯ ಕೈಯಡುಗೆ ಉಂಡು ಹೋಗುತ್ತಿದ್ದಳು. ಮಳೆಗಾಲ ಮುಗಿದ ಸೆಪ್ಟೆಂಬರಿನ ಮೆಲುಗಾಳಿಯಲ್ಲಿ ಎರಡು ಸಲ ನನ್ನನ್ನು ಸೋಲಿಸಿದಳು. ಕರ್ನಲ್‌ಗಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮೂರನೆಯ ವಾರ ಅವರು ಗಾಳಿ ಹೇಗಿದೆ ಎಂದು ಕೇಳಿದ್ದು ಅವಳನ್ನು, ಇಂಗ್ಲಿಷಿನಲ್ಲಿ.

ನಮ್ಮಲ್ಲಿದ್ದದ್ದು ಒಂದಕ್ಕೊಂದು ಹೋಲಿಕೆಯಿಲ್ಲದ ಹಳೆಯ ದೋಣಿಗಳು. ಚೀಟಿ ಎತ್ತಿ ಹಂಚಿಕೊಳ್ಳುತ್ತಿದ್ದೆವು. ಸೋತವರೆಲ್ಲ ದೋಣಿಯನ್ನು ದೂರುತ್ತಿದ್ದರು. ಹಾಗಾಗಿ ಒಂದೇ ತರಹದ ಆರು ದೋಣಿ ಕೊಳ್ಳುವುದೆಂದು ಕಮಿಟಿ ತೀರ್ಮಾನಿಸಿತು. ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು.

ಒಬ್ಬರೇ ಕೂರುವ ದೋಣಿಯ ಆಯ್ಕೆ ಎಂದರೆ ಮೈತೂಕದ ಮಾತು. ಗಾಳಿ ಹಾಯಿಯನ್ನು ತಳ್ಳಿದಾಗ ದೋಣಿ ಒಂದು ಕಡೆಗೆ ವಾಲುತ್ತದೆ. ನಡೆಸುವವರು ಎದುರು ಅಂಚಿನಲ್ಲಿ ಕೂತು ಮೈ ಹೊರಚಾಚಿ ಅದನ್ನು ಹಿಡಿದು ನಿಲ್ಲಿಸಬೇಕು. ಹಾಯಿ ದೊಡ್ಡದಾದಷ್ಟೂ ಮೈ ಭಾರ ಇರಬೇಕು. ನಮ್ಮ ಮುಂದಿದ್ದ ದೋಣಿಗಳು ಎರಡು. ಒಂದು ಭಾರದ್ದು, ಅದಕ್ಕೆ ದೊಡ್ಡ ಹಾಯಿ ಒಂದೇ. ಇನ್ನೊಂದು ಹಗುರದ ಫೈಬರ್ ದೋಣಿ, ಅದಕ್ಕೆ ದೊಡ್ಡದು ಚಿಕ್ಕದು ಎರಡು ಹಾಯಿ ಸಿಗುತ್ತಿದ್ದವು. ಅವರವರ ತೂಕಕ್ಕೆ ಬೇಕಾದದ್ದನ್ನು ಕಟ್ಟಿಕೊಳ್ಳಬಹುದು. ನಾನು ಎಂಬತ್ತಾರು ಕಿಲೋ. ಅವಳು ನಲವತ್ತೊಂಬತ್ತು. ಭಾರದ ದೋಣಿ ಬಂದರೆ ಬೇಸಿಗೆಯ ಗಾಳಿಯಲ್ಲಿ ಅವಳು ರೇಸಿಗೇ ಇಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಪಾಪ.

ನಾನು ಭಾರದ್ದನ್ನೇ ಹೇಳಿದೆ. ಕಾರಣವೂ ಕೊಟ್ಟೆ. ದೋಣಿ ಅಡ್ಡಕ್ಕೆ ಜಾರದಂತೆ ತಳದಿಂದ ನೀರಿಗೆ ಒಂದು ಹಲಗೆ ಇಳಿದಿರುತ್ತದೆ. ಭಾರದ ದೋಣಿಯಲ್ಲಿ ಅದು ಏನಾದರೂ ತಾಗಿದರೆ ತಾನೇ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಹಗುರದ್ದರಲ್ಲಿ ಕೈಯಿಂದಲೇ ಮೇಲಕ್ಕೆ ಎಳೆಯಬೇಕು. ನಮ್ಮ ಯಮುನೆಯ ತುಂಬ ಅಂತರಗಂಗೆ, ನೀರ ಮೇಲೆ ಹಾಸಿಕೊಂಡು ತೇಲುವ ಕಳೆ. ಹಲಗೆಗೆ ಅದು ಸುತ್ತಿಕೊಂಡರೆ ದೋಣಿ ನಿಂತೇ ಹೋಗುತ್ತದೆ. ಹೇಳಿದ ಮಾತು ಸುಳ್ಳಲ್ಲ. ಅದೇ ನನ್ನ ಜಾಣತನ. ನಿಜವನ್ನೇ ಹೇಳಿ ಮೋಸ ಮಾಡುವುದು ಎಷ್ಟು ಸುಲಭ ಎಂದು ನಾನು ಕಲಿತದ್ದು ಐವತ್ತು ದಾಟಿದ ಮೇಲೆ.

ಅವಳು ಬಿಡಲಿಲ್ಲ. "ಹಾಗಾದ್ರೆ ಟ್ರಯಲ್ ಮಾಡೋಣ. ಎರಡೂ ದೋಣಿ ಒಂದೊಂದು ತರಿಸಿ. ನಾನು ಹಗುರದ್ದು, ಅಂಕಲ್ ಭಾರದ್ದು," ಎಂದಳು. ಕಮಿಟಿ ಒಪ್ಪಿತು.

ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ರೇಸಿನ ದಿನ ಬೆಳಗ್ಗೆ ಆರಕ್ಕೆ ಎರಡು ದೋಣಿಗಳ ನಡುವೆ ದಪ್ಪ ಹಗ್ಗ ಕಟ್ಟಿ, ಅಂತರಗಂಗೆಯನ್ನು ದಡದ ಕಡೆಗೆ ಎಳೆದು ರೇಸಿನ ದಾರಿ ತೆರವು ಮಾಡುವುದು. ಕೆಸರು, ಹೆಣದಂಥ ವಾಸನೆ, ಬಿಳಿ ನೊರೆ. ಹೇಸಿಗೆಯ ಕೆಲಸವೇ. ಆದರೂ ಮೂರು ವರ್ಷದಲ್ಲಿ ಒಂದು ಭಾನುವಾರವೂ ನಾನು ಅದನ್ನು ತಪ್ಪಿಸಿರಲಿಲ್ಲ. ಅಕ್ಟೋಬರಿನ ಆ ಟ್ರಯಲ್ ದಿನ ಹಗ್ಗ ಹೆಗಲ ಮೇಲೆ ಹೊತ್ತು ನಿಂತಿದ್ದ ಇಬ್ಬರು ಕೆಲಸದವರಿಗೆ ಹಿಂದಿಯಲ್ಲಿ ಹೇಳಿದೆ: "ಇವತ್ತು ಬೇಡ. ಚಾಯ್ ಕುಡಿದು ಬನ್ನಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಗ್ಗ ಇಳಿಸಿದರು.

ಟ್ರಯಲ್‌ನಲ್ಲಿ ನನ್ನ ಹಲಗೆ ಮಡಚಿಕೊಂಡು ಅಂತರಗಂಗೆಯ ಮೇಲೆ ಹಾದುಹೋಯಿತು. ಅವಳು ನಾಲ್ಕು ಸಲ ನಿಂತಳು. ನಾಲ್ಕು ಸಲವೂ ಹಲಗೆ ಎಳೆದು, ಬಳ್ಳಿ ಕಿತ್ತು, ಮತ್ತೆ ಇಳಿಸಿದಳು. ದಡಕ್ಕೆ ಬಂದಾಗ ಅವಳ ಮೊಣಕೈ ತನಕ ಕರಿ ಕೆಸರು. ಅಧ್ಯಕ್ಷರಾದ ಕರ್ನಲ್ ನನ್ನ ಬೆನ್ನು ತಟ್ಟಿ, "ಅನುಭವ ಅಂದ್ರೆ ಇದು! ಚಲೋ, ತೀರ್ಮಾನ ಆಯ್ತು," ಎಂದರು. ನೀರು ಯಾಕೆ ತೆರವಾಗಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಯುದ್ಧಭೂಮಿಯನ್ನು ನೋಡಿ ಬಂದವರು, ಕಾಲಬುಡದ ನೀರನ್ನು ನೋಡಲಿಲ್ಲ! ಅಂದು ಅದು ನನಗೆ ಅನುಕೂಲವಾಗಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

ಮಾರ್ಚಿನಲ್ಲಿ ಭಾರದ ದೋಣಿ ಆರು ಬಂದವು. ಗಾಳಿ ಎದ್ದ ಮೊದಲ ಭಾನುವಾರವೇ ಅವಳ ದೋಣಿ ಮಗುಚಿತು. ಮುಂದಿನ ವಾರವೂ ಅಷ್ಟೇ. ನಾನು ಎಲ್ಲರ ಎದುರಿಗೆ, ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲೇ, ತಮಾಷೆ ಮಾಡಿದೆ.

"ದೋಣಿಗೇನೂ ಆಗಿಲ್ಲ ಮಗಾ. ನೀನು ಪರಾಠಾ ತಿನ್ನು, ತುಪ್ಪ ಹಾಕಿ."

"ಎಷ್ಟು ಅಂಕಲ್?"

"ಇನ್ನೂ ಮೂವತ್ತೇಳು ಕಿಲೋ ಏರೋವಷ್ಟು."

ಕರ್ನಲ್‌ಗಳು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಆದರೆ ನಿಜವಾಗಿಯೂ ತಿನ್ನತೊಡಗಿದಳು. ಕ್ಯಾಂಟೀನಿನಲ್ಲಿ ಬಾಳೆಹಣ್ಣು, ಬೆಣ್ಣೆ, ಪರಾಠಾ. ಎರಡು ಕಿಲೋ ಏರಿತು ಎಂದು ಬಂದು ವರದಿ ಒಪ್ಪಿಸಿದಳು. ಆಗಲಾದರೂ ನನ್ನ ನಾಲಿಗೆ ಸುಮ್ಮನಿರಬೇಕಿತ್ತು. ಹಿಂದಿನ ಕಾಲದಲ್ಲಿ ಹಗುರದವರು ಉಲ್ಲನ್ ಸ್ವೆಟರ್‌ಗಳನ್ನು ನೀರಲ್ಲಿ ಅದ್ದಿ ತೊಟ್ಟುಕೊಂಡು ತೂಕ ಮಾಡಿಕೊಳ್ಳುತ್ತಿದ್ದರು ಎಂದು ಹಳೆಯ ಕಥೆ ಹೇಳಿದೆ. ದೋಣಿ ಮಗುಚಿದರೆ ಅದೇ ಸ್ವೆಟರ್ ಮನುಷ್ಯನನ್ನು ಕೆಳಗೆಳೆಯುತ್ತದೆ, ಅದಕ್ಕೇ ಜನ ಅದನ್ನು ಬಿಟ್ಟರು ಎಂಬ ಅರ್ಧ ಕಥೆಯನ್ನು ಹೇಳಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಟ್ರೋಫಿಯ ರೇಸು. ಮಧ್ಯಾಹ್ನದ ಬಿಸಿಗಾಳಿ ಮರಗಳನ್ನು ಬಗ್ಗಿಸುತ್ತಿತ್ತು. ಆ ಉರಿಬಿಸಿಲಿನಲ್ಲಿ ಅವಳು ಲೈಫ್ ಜಾಕೆಟ್ ಒಳಗೆ ಮೂರು ಒದ್ದೆ ಸ್ವೆಟರ್ ತೊಟ್ಟು ಬಂದಿದ್ದಳು. ನಾನು ನೋಡಿದೆ. ಬಿಚ್ಚು ಎನ್ನಲಿಲ್ಲ.

ಮೊದಲ ಸುತ್ತಿನಲ್ಲಿ ಅವಳು ನನಗಿಂತ ಮುಂದಿದ್ದಳು. ಆ ದೋಣಿಯಲ್ಲಿ, ಆ ಗಾಳಿಯಲ್ಲಿ! ಎರಡನೆಯ ಸುತ್ತಿನಲ್ಲಿ, ದಾರಿಯ ಗುರುತಿಗೆ ತೇಲಿಬಿಟ್ಟ ಡ್ರಮ್ಮಿನ ಹತ್ತಿರ ಮಗುಚಿದಳು. ಭಾರದ ದೋಣಿಯನ್ನು ಮತ್ತೆ ಎತ್ತಿ ನಿಲ್ಲಿಸಲೂ ಮೈತೂಕವೇ ಬೇಕು. ಅವಳು ತಳದ ಹಲಗೆಗೆ ಜೋತುಬಿದ್ದಿದ್ದಳು. ದೋಣಿ ಅಲ್ಲಾಡಲಿಲ್ಲ. ನಾನು ಎರಡು ದೋಣಿಯುದ್ದ ದೂರದಲ್ಲಿ ಹಾದುಹೋದೆ.

"ಅಂಕಲ್! ಒಂದ್ನಿಮಿಷ! ಅಂಕಲ್!"

ಅಪಾಯದಲ್ಲಿರುವವರಿಗೆ ನೆರವಾಗಬೇಕು ಎಂಬುದು ನಮ್ಮ ಆಟದ ಮೊದಲ ನಿಯಮ. ಹೊಸಬರಿಗೆ ಅದನ್ನು ಬಾಯಿಪಾಠ ಮಾಡಿಸುತ್ತಿದ್ದವನು ನಾನೇ. ಮಗುಚಿದವರನ್ನು ಎತ್ತಲೆಂದೇ ಕ್ಲಬ್ಬು ಇಟ್ಟಿದ್ದ ಮೋಟಾರ್ ಬೋಟ್ ಬರುತ್ತದೆ ಎಂದುಕೊಂಡೆ. ಹಿಂತಿರುಗದೆ ಮುಂದೆ ನೋಡಿದೆ. ಮೋಟಾರಿನ ರೆಕ್ಕೆಗೆ ದಡದ ಬದಿಯ ಅಂತರಗಂಗೆ ಸುತ್ತಿಕೊಂಡು ಅದು ಅರ್ಧ ದಾರಿಯಲ್ಲಿ ನಿಂತಿತ್ತು. ನಾನು ಗುರಿ ಮುಟ್ಟಿದಾಗ ಹಾರ್ನ್ ಊದಿದರು. ಆಗಲೂ ಅವಳು ನೀರಿನಲ್ಲೇ ಇದ್ದಳು.

ಮೋಟಾರಿಗೆ ಸುತ್ತಿದ ಕಳೆ ಬಿಡಿಸಿಕೊಂಡು ಹೋಗಿ ಅವಳನ್ನು ದಡಕ್ಕೆ ತಂದಾಗ ತುಟಿ ನೀಲಿಯಾಗಿತ್ತು. ಆ ಕೊಳಚೆ ನೀರನ್ನು ಕಕ್ಕುತ್ತಿದ್ದಳು. ಸ್ವೆಟರ್‌ಗಳನ್ನು ಕತ್ತರಿಯಿಂದ ಕತ್ತರಿಸಬೇಕಾಯಿತು. ನನ್ನ ಕೈ ಇನ್ನೂ ಕರ್ನಲ್ ಸಾಹೇಬರ ಕೈಯಲ್ಲಿತ್ತು, ಅಭಿನಂದನೆಗೆ. ಉಸಿರು ಬಂದಮೇಲೆ ಅವಳು ನನ್ನನ್ನು ನೋಡಿ ಕೇಳಿದ್ದು ಒಂದೇ.

"ಟ್ರಯಲ್ ದಿನ ಹಗ್ಗ ಎಳೆಸಿರ್ಲಿಲ್ಲ, ಅಲ್ವಾ ಅಂಕಲ್?"

"ಕೆಲಸದವರು ಅವತ್ತು ರಜೆ ಹಾಕಿದ್ರು ಮಗಾ," ಎಂದೆ.

ಆ ಕೆಲಸದವರಿಬ್ಬರೂ ಅಲ್ಲೇ ಟವೆಲ್ ಹಿಡಿದು ನಿಂತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅಷ್ಟರಮಟ್ಟಿಗೆ ನಾನು ಬಚಾವಾದೆ.

ಅವಳು ಮತ್ತೆ ಬರಲಿಲ್ಲ. "ಆ ಹುಡುಗಿ ಯಾಕೆ ಬರ್ತಿಲ್ಲ?" ಎಂದು ಹೆಂಡತಿ ಕೇಳಿದಾಗಲೆಲ್ಲ, ಆಫೀಸಿನಲ್ಲಿ ಕೆಲಸ ಜಾಸ್ತಿಯಂತೆ ಎಂದೆ. ಟ್ರೋಫಿಗೆ ನನ್ನ ನಾಲ್ಕನೆಯ ಪಟ್ಟಿ ಹೊಡೆದರು.

ನಾಲ್ಕು ವರ್ಷ ಕಳೆಯಿತು. ಆ ರೇಸಿಗೆ ನಾನು ಮತ್ತೆ ಇಳಿಯಲಿಲ್ಲ. ಕರ್ನಲ್‌ಗಳಿಗೆ ಮಂಡಿ ನೋವು. ಅವರಿಗೂ ಆ ದೋಣಿಗಳು ಭಾರವಾದವು. ಈಗ ಅವರಿಗೆ ಹಗುರದ್ದು ಬೇಕಾಯಿತು, ಚಿಕ್ಕ ಹಾಯಿಯದ್ದು! ಮತ್ತೆ ಕಮಿಟಿ ಕೂತಿತು, ಭಾನುವಾರ ಟ್ರಯಲ್ ಎಂದಿತು. ಮತ್ತೆ "ಸುಬೇದಾರ್ ಸಾಬ್ ಹೇಳಿದ ಹಾಗೆ" ಎಂದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಹಗ್ಗ, ಸ್ವೆಟರ್, ಅವಳು ಕೂಗಿದ್ದು, ನಾನು ನಿಲ್ಲದೆ ಹೋದದ್ದು. ಪಟ್ಟಿ ಕೀಳಿ, ನನ್ನನ್ನು ಕ್ಲಬ್ಬಿನಿಂದ ತೆಗೆಯಿರಿ ಎಂದೆ.

 ಅಧ್ಯಕ್ಷರು ನಕ್ಕುಬಿಟ್ಟರು.

"ಅರೇ ಸುಬೇದಾರ್ ಸಾಬ್, ಇಷ್ಟು ಹಳೇ ಮಾತು! ಆ ಹುಡುಗಿ ಹೇಗೂ ಬಿಟ್ಟು ಹೋಗ್ತಿದ್ಲು, ಮದುವೆ ಗಿದುವೆ ಅಂತ. ಕೂತ್ಕೊಳ್ಳಿ. ಭಯ್ಯಾ, ಸಾಬ್‌ಗೆ ಒಂದು ಚಾಯ್!"

ನನ್ನ ಕೈಗೆ ಚಹಾ ಬಂತು. ಒಬ್ಬ ಹೆಣ್ಣುಮಗಳು ಸಾಯುತ್ತಿದ್ದಳು ಸ್ವಾಮಿ ಎಂದೆ. ಸತ್ತಿಲ್ಲವಲ್ಲ ಎಂದರು. ಸೈನ್ಯದಲ್ಲಿ ಬೂಟಿಗೆ ಪಾಲಿಶ್ ಇಲ್ಲದಿದ್ದರೂ ಶಿಕ್ಷೆ ಕೊಡುತ್ತಿದ್ದವರು ಇವರು. ಆ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಬಂದೆ. ಅಷ್ಟು ವರ್ಷದಲ್ಲಿ ಸಾಹೇಬರ ಅಪ್ಪಣೆಯಿಲ್ಲದೆ ಕೋಣೆಯಿಂದ ಹೊರಗೆ ಬಂದದ್ದು ಅದೇ ಮೊದಲು.

ಅವಳ ಹಳೆಯ ನಂಬರ್ ಇತ್ತು. ದೋಣಿಗಳ ಶೆಡ್ಡಿನಲ್ಲಿ ನಿಂತು ಫೋನ್ ಮಾಡಿದೆ. ನನ್ನ ದನಿ ಗುರುತು ಹಿಡಿದಳು. ಕಮಿಟಿಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ. 

"ಹಗ್ಗದ ವಿಷಯ ನಂಗೆ ಅವತ್ತೇ ಗೊತ್ತಿತ್ತು ಅಂಕಲ್. ನೀವು ರಜೆ ಅಂದ್ರಲ್ಲ, ಅದು ಬೇಜಾರಾಯ್ತು." ಆಮೇಲೆ ಕೇಳಿದಳು: "ಈಗ ಯಾವ ದೋಣಿ?"

"ನೀನು ಹೇಳಿದ್ದೇ. ಭಾನುವಾರ ಟ್ರಯಲ್."

"ಹಗ್ಗ ಎಳೀತೀರಾ?"

"ನಾನೇ ಎಳೀತೀನಿ. ನೀನು ಬಾ ಮಗಾ. ಚಿಕ್ಕ ಹಾಯಿ ಕಟ್ಟಿಡ್ತೀನಿ."

"ನಾನು ಬರಲ್ಲ ಅಂಕಲ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. "ಆದ್ರೂ ಎಳೀರಿ."

ಭಾನುವಾರ ಬೆಳಗ್ಗೆ ಆರಕ್ಕೆ ಹಗ್ಗದ ಒಂದು ತುದಿ ನಾನು ಹಿಡಿದೆ, ಇನ್ನೊಂದನ್ನು ಕೆಲಸದವರಿಗೆ ಕೊಟ್ಟೆ. ದಡದಿಂದ ದಡಕ್ಕೆ, ಡ್ರಮ್ಮಿನ ಸುತ್ತಲೂ, ಒಂದು ಎಲೆ ಉಳಿಯದಂತೆ ಎಳೆದೆವು. ಹಗ್ಗ ಅಂಗೈ ತರಿಯಿತು. ಎಂಟು ಗಂಟೆಗೆ ಸಾಹೇಬರು ಬಂದು ನೀರು ನೋಡಿ, ಇವತ್ತು ಯಮುನೆ ತಾನಾಗಿಯೇ ಎಷ್ಟು ಚೊಕ್ಕಟವಾಗಿದೆ ಎಂದರು.