ಒಡವೆ ಮಲಗಬಾರದು

ಸರದಕ್ಕನ ಕೊರಳು ನೀಳವಾಗಿತ್ತು, ಕಪ್ಪಗಿತ್ತು, ಎಣ್ಣೆ ಕುಡಿದ ಒನಕೆಯ ಹಾಗೆ ಮಿರುಗುತ್ತಿತ್ತು. ಕೊರಳು ಮುಗಿದು ಎದೆ ಶುರುವಾಗುವಲ್ಲಿ, ಎರಡು ಎಲುಬುಗಳ ನಡುವೆ, ಒಂದು ಗುಳಿ. ಯಾವ ಸರ ಹಾಕಿಕೊಂಡರೂ ಅದರ ಪದಕ ನೇರವಾಗಿ ಆ ಗುಳಿಗೇ ಬಂದು ಕೂರುತ್ತಿತ್ತು. ಬಂಗಾರಪೇಟೆಯಲ್ಲಿ ರೈಲಿಳಿದು ಬರುವ ಹೆಂಗಸರ ಕಣ್ಣು ಮೊದಲು ಹೋಗುತ್ತಿದ್ದುದು ಅಲ್ಲಿಗೆ, ಮುಖದ ಸರದಿ ಆಮೇಲೆ. “ನನ್ನ ಕತ್ತೇ ನನ್ನ ಅಂಗಡಿ ಕಣೇ. ಬಾಡಿಗೆ ಇಲ್ಲ, ಬಾಗ್ಲಿಲ್ಲ” ಎಂದು ಅವಳು ನಗುತ್ತಿದ್ದಳು.

ಅವಳು ಮಾಡಿ ಮಾರುತ್ತಿದ್ದುದು ಮಣ್ಣಿನ ಒಡವೆ. ತವರು ಕ್ಯಾಸಂಬಳ್ಳಿ. ಅಲ್ಲಿನ ಕೆರೆಯ ಜೇಡಿಮಣ್ಣನ್ನು ಚೀಲಕ್ಕೆ ತುಂಬಿ, ಬಸ್ಸಿನಲ್ಲಿ ಚಿನ್ನದ ಗಣಿಯವರ ಕೇರಿಯಾದ ಮೈಸೂರು ಮೈನ್ಸಿನ ತನ್ನ ಮನೆಗೆ ಸಾಗಿಸುತ್ತಿದ್ದಳು. ಕಂಡಕ್ಟರು “ಏನಮ್ಮ ಇದು, ಇಷ್ಟು ಭಾರ?” ಎಂದರೆ “ಬಂಗಾರ ಕಣಪ್ಪ, ಜೋರಾಗಿ ಏಳ್ಬ್ಯಾಡ” ಅನ್ನುತ್ತಿದ್ದಳು. ಗಣಿ ಮುಚ್ಚಿದ ಮೇಲೆ ಮನೆಯಲ್ಲೇ ಉಳಿದಿದ್ದ ಅವಳ ಗಂಡ ಆ ಮಣ್ಣನ್ನು ನೆನೆಹಾಕಿ, ಹಳೇ ಪಂಚೆಯಲ್ಲಿ ಸೋಸಿ ಕೊಡುತ್ತಿದ್ದರು. ಗಣಿಯ ದೂಳು ಕುಡಿದ ಎದೆ ಅವರದು, ಸದಾ ಕೆಮ್ಮು. ಒಣ ಮಣ್ಣಿನ ಹತ್ತಿರಕ್ಕೆ ಅಕ್ಕ ಅವರನ್ನು ಬಿಡುತ್ತಿರಲಿಲ್ಲ. ಮಣಿ ಉರುಳಿಸುವುದು, ತೂತು ಕೊರೆಯುವುದು, ಬೆರಣಿ ಹೊಟ್ಟಿನಲ್ಲಿ ಸುಡುವುದು, ಬಣ್ಣ ಹಚ್ಚಿ ದಾರಕ್ಕೆ ಪೋಣಿಸುವುದು ಎಲ್ಲ ಅವಳ ಕೆಲಸ.

ನನ್ನದು ಸ್ಟೇಷನ್ನಿನಿಂದ ಮಾರ್ಕೆಟ್ಟಿಗೆ ಹೋಗುವ ರಸ್ತೆಯಲ್ಲಿ ರವಿಕೆ ಹೊಲಿಯುವ ಅಂಗಡಿ. ಒಂದು ದಿನ ರವಿಕೆ ಬಟ್ಟೆ ಕೊಡಲು ಬಂದ ಅಕ್ಕ ಸುಸ್ತಾಯಿತೆಂದು ಅಂಗಡಿಯ ಮೆಟ್ಟಿಲ ಮೇಲೆ ಕೂತವಳು ಮತ್ತೆ ಏಳಲೇ ಇಲ್ಲ. ಮಾರನೇ ದಿನ ಮಾಲಿನ ಸಮೇತ ಹಾಜರು. ಇದೇನು ಎಂದು ನಾನು ರೇಗಿದೆ. ನನ್ನ ಬಾಯಿ ಎಂಥದ್ದೆಂದು ಇಡೀ ಬೀದಿಗೇ ಗೊತ್ತು. ಅಕ್ಕನಿಗೆ ಅದು ನಾಟಲೇ ಇಲ್ಲ. “ನೀನು ರವಿಕೆ ಒಲೀತೀಯ, ನಾನು ರವಿಕೆ ಮ್ಯಾಲಿಂದು ಮಾರ್ತೀನಿ. ಇಬ್ರೂ ಒಂದೇ ಕತ್ತಿಗೆ ದುಡಿಯೋರು. ಜಗಳ ಯಾಕೆ?” ಅಂದಳು. ಅಂದಿನಿಂದ ಮೆಟ್ಟಿಲು ಅವಳದಾಯಿತು.

ಬಂದ ಹೊಸದರಲ್ಲಿ ಒಳ್ಳೆಯ ಮನಸ್ಸಿನಿಂದಲೇ ಒಂದು ಬಿಳಿ ಬಟ್ಟೆ ಹಾಸಿಕೊಟ್ಟೆ. ಅಕ್ಕ ಅದನ್ನು ಮಡಚಿ ನನ್ನ ಕೈಗೇ ಕೊಟ್ಟಳು.

“ಒಡವೆ ಮಲಗಬಾರ್ದು ಕಣೇ. ಬಿಳೀ ಬಟ್ಟೆ ಮ್ಯಾಲೆ ಮಲಗಿಸಿದ್ರೆ ಸತ್ತೋರ ಮೈಯಿಂದ ಬಿಚ್ಚಿಟ್ಟಂಗೆ ಕಾಣ್ತೈತೆ. ಯಾವಳು ತಗೊಂಡಾಳು?”

ಆಮೇಲೆ ಶುರುವಾಯಿತು ನೋಡಿ ಅವಳ ಆಟ. ಬಟ್ಟೆ ಹರಿದುಹೋದ ಕೊಡೆಯೊಂದನ್ನು ಬಿಚ್ಚಿ ಬಾಗಿಲ ಮೇಲಿನ ಕೊಂಡಿಗೆ ತಲೆಕೆಳಗಾಗಿ ಕಟ್ಟಿದಳು. ಒಂದೊಂದು ಕಡ್ಡಿಗೂ ಒಂದೊಂದು ಸರ. ಗಾಳಿ ಬೀಸಿದರೆ ಇಡೀ ಕೊಡೆ ಸುತ್ತುತ್ತಿತ್ತು. “ಅಲ್ಲಾಡೋದ್ನ ಕಣ್ಣು ಬಿಡಲ್ಲ” ಅನ್ನುವುದು ಅವಳ ಲೆಕ್ಕಾಚಾರ. ಬಳೆಗಳಿಗೆ ಲಟ್ಟಣಿಗೆ, ಮೂಗುತಿಗಳಿಗೆ ರಾಗಿ ಹುಲ್ಲಿನ ಕಂತೆ. ಹುಲ್ಲು ಉದುರಿ ನನ್ನ ಮೆಷಿನ್ನಿಗೆ ಸಿಕ್ಕಿಕೊಂಡು ನಾನು ಕೂಗಾಡಿದ್ದಕ್ಕೆ ಕೊನೆಯೇ ಇಲ್ಲ. ಗಂಡ ಗಣಿಗೆ ಇಳಿಯುವಾಗ ಹಾಕಿಕೊಳ್ಳುತ್ತಿದ್ದ ಹೆಲ್ಮೆಟ್ಟನ್ನೂ ತಂದಳು. ಅದರ ಅಂಚಿನ ಸುತ್ತ ತೂತು ಮಾಡಿ ಓಲೆಗಳನ್ನು ನೇತುಹಾಕಿದಳು. “ತಲೆ ಕಾಯ್ದಿದ್ದು ಸಾಕು, ಇನ್ ಮ್ಯಾಕೆ ಓಲೆ ಕಾಯ್ಲಿ” ಎಂದಳು. ನನ್ನಲ್ಲಿ ಹತ್ತಿ ತುಂಬಿದ ಒಂದು ಬೊಂಬೆಯಿತ್ತು, ಹೊಲಿದ ರವಿಕೆ ತೊಡಿಸಿ ನಿಲ್ಲಿಸಲು. ಸರಗಳನ್ನು ಅದಕ್ಕೇ ಹಾಕಬಾರದೇ ಎಂದು ಕೇಳಿದರೆ ಮುಖ ಸಿಂಡರಿಸಿದಳು.

“ಉಸಿರಾಡದ ಕತ್ತಿಗೆ ಆಕಬಾರ್ದು.”

ಏನೇ ನೇತುಹಾಕಲಿ, ಆ ದಿನದ ಅತಿ ಚೆಂದದ ಸರ ಮಾತ್ರ ಅವಳ ಕೊರಳಲ್ಲೇ ಇರುತ್ತಿತ್ತು. ಯಾರಾದರೂ ಅದನ್ನು ಬೆರಳು ಮಾಡಿ ತೋರಿಸಿದರೆ ಸಾಕು, ಎದ್ದು ನಿಲ್ಲುತ್ತಿದ್ದಳು. ಕನ್ನಡದವರಿಗೆ “ಆಕ್ಕೊಂಡು ನೋಡಮ್ಮ”, ತಮಿಳಿನವರಿಗೆ “ಪೋಟ್ಟು ಪಾರುಮ್ಮಾ”, ತೆಲುಗಿನವರಿಗೆ “ಏಸ್ಕೊನಿ ಚೂಡಮ್ಮಾ”. ಮಾತು ಮುಗಿಯುವುದರೊಳಗೆ ಸರ ಬಿಚ್ಚಿ, ಬಂದವಳ ಬೆನ್ನ ಹಿಂದೆ ಹೋಗಿ, ಜಡೆ ಪಕ್ಕಕ್ಕೆ ಸರಿಸಿ, ದಾರದ ಗಂಟು ಹಾಕಿ, ಎರಡೂ ಭುಜ ಹಿಡಿದು ನನ್ನ ಅಂಗಡಿಯ ಕನ್ನಡಿಗೆ ತಿರುಗಿಸುತ್ತಿದ್ದಳು. “ನನ್ನ ಕತ್ತಿನ ಬಿಸಿ ಇನ್ನೂ ಐತೆ, ಆರೋಕ್ ಮುಂಚೆ ನೋಡ್ಕೊ” ಅನ್ನುತ್ತಿದ್ದಳು. ಆ ಬಿಸಿ ತಾಕಿದ ಮೇಲೆ ಸರ ಬಿಚ್ಚಿ ವಾಪಸು ಕೊಟ್ಟವರು ಕಡಿಮೆ. ಸೊಪ್ಪು ಮಾರುವ ಮುದುಕಿಯೊಬ್ಬಳು ಮಾತ್ರ ಕೊಳ್ಳದೆಯೇ ದಿನಾ ಬಂದು ಕಟ್ಟಿಸಿಕೊಂಡು, ಕನ್ನಡಿ ನೋಡಿ, ಬಿಚ್ಚಿಸಿಕೊಂಡು ಹೋಗುತ್ತಿದ್ದಳು. ಅಕ್ಕ ಒಂದು ದಿನವೂ ಬೇಸರ ಮಾಡಲಿಲ್ಲ. ಕಟ್ಟುವುದೇ ಅವಳಿಗೆ ಹಬ್ಬ, ಮಾರಾಟ ಅದರ ಹಿಂದೆ ಬರುವ ಪ್ರಸಾದ. ಇಷ್ಟು ಖುಷಿಯಾಗಿ ದುಡಿಯುವ ಇನ್ನೊಬ್ಬರನ್ನು ನಾನು ನೋಡಿಲ್ಲ.

ಬಿಳುಪು ಮೊದಲು ಕಂಡಿದ್ದು ಬಲಗೈ ಬೆರಳುಗಳ ತುದಿಯಲ್ಲಿ. ಬಣ್ಣ ಇರಬೇಕು ಎಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡು ಸೀರೆಗೆ ಒರೆಸಿಕೊಂಡಳು. ಹೋಗಲಿಲ್ಲ. ಆಮೇಲೆ ಕಿವಿಯ ಕೆಳಗೆ, ಹೆಗಲ ಮೇಲೆ, ಕೊನೆಗೆ ಎಲ್ಲ ಬಿಟ್ಟು ಕೊರಳಿನ ಆ ಗುಳಿಯಲ್ಲಿ. ತೊನ್ನು. ಅವಳ ಕಪ್ಪು ಮೈ ಮೇಲೆ ಅದು ರಸ್ತೆಯ ಆಚೆಯಿಂದಲೂ ಕಾಣುತ್ತಿತ್ತು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಇದು ಅಂಟುವ ಕಾಯಿಲೆಯಲ್ಲ, ಯಾರನ್ನು ಮುಟ್ಟಿದರೂ ಏನೂ ಆಗುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿ ಮುಲಾಮು ಬರೆದುಕೊಟ್ಟರು. “ಅಂಟಲ್ವಂತೆ! ನೀನೂ ಕೇಳಿಸ್ಕೊಂಡ್ಯಲ್ಲ?” ಎಂದು ಅಕ್ಕ ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಳು.

ಆ ವಾರವೇ ಅದು ನಡೆದದ್ದು. ಬೆಂಗಳೂರಿನ ಕೆಲಸ ಮುಗಿಸಿ ಸಂಜೆ ರೈಲಿನಲ್ಲಿ ಬಂದ ಹೆಂಗಸೊಬ್ಬಳು ಕೊಡೆಯ ಕೆಳಗೆ ನಿಂತು ನೋಡಿದಳು, ಅಕ್ಕನ ಕೊರಳಿನ ಸರವನ್ನು ಇಷ್ಟಪಟ್ಟಳು. ಪದಕ ಆ ಗುಳಿಯನ್ನು ಮುಚ್ಚಿತ್ತು. ಅಕ್ಕ ಎಂದಿನಂತೆ ಎದ್ದು, ಸರ ಬಿಚ್ಚಿ, ಅವಳಿಗೆ ಕಟ್ಟಿ, “ನನ್ನ ಕತ್ತಿನ ಬಿಸಿ...” ಎಂದು ಶುರುಮಾಡಿದಳು. ಕನ್ನಡಿಯಲ್ಲಿ ಆ ಹೆಂಗಸಿಗೆ ತನ್ನ ಭುಜದ ಮೇಲಿನ ಬೆರಳುಗಳು ಕಂಡವು, ಹಿಂದೆ ನಿಂತ ಅಕ್ಕನ ಬರಿಗೊರಳೂ ಕಂಡಿತು. ಅವಳು ಕಿರುಚಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಕೈ ಹಿಂದಕ್ಕೆ ಹಾಕಿ ಗಂಟು ಎಳೆದಳು. ಸರ ಮೆಟ್ಟಿಲ ಮೇಲೆ ಬಿದ್ದು, ಪದಕ ಒಡೆದು ಚೂರಾಯಿತು. “ಸಾರಿ ಅಕ್ಕ” ಎಂದು ದುಡ್ಡು ತೆಗೆದು ಮೆಟ್ಟಿಲ ಮೇಲಿಟ್ಟು, ಕತ್ತನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ ಹೋದಳು.

ನಾನು ಹಿಂದೆಯೇ ಓಡಿ ಅವಳನ್ನು ಅಡ್ಡಗಟ್ಟಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಗೊತ್ತಕ್ಕ, ಅಂಟಲ್ಲ ಅಂತ ನಾನೂ ಕೇಳಿದೀನಿ. ಆದ್ರೂ ಮನೇಲಿ ಮಗಳಿಗೆ ಗಂಡು ನೋಡ್ತಾವ್ರೆ.”

ಅವಳು ಬೈದಿದ್ದರೆ ಎರಡರಷ್ಟು ಬೈಯುತ್ತಿದ್ದೆ. ಆಮೇಲೆ ಬಂದವರೂ ಎಲ್ಲ ಹೀಗೇ. ಮರ್ಯಾದಸ್ತರು, ನಗುತ್ತಲೇ ಮಾತಾಡಿಸುವವರು. “ಚೆನ್ನಾಗೈತೆ, ಆಮ್ಯಾಕೆ ಬತ್ತೀವಿ” ಅನ್ನುತ್ತಿದ್ದರು, ಬರುತ್ತಿರಲಿಲ್ಲ. ಸೊಪ್ಪಿನ ಮುದುಕಿ ಕೂಡ ಆಚೆ ಬದಿಯಲ್ಲಿ ನಡೆದುಹೋಗಲು ಶುರುಮಾಡಿದಳು. ಜಗಳ ಆಡಬೇಕೆಂದರೂ ಎದುರಿಗೆ ಒಬ್ಬರು ಬೇಕಲ್ಲ. ಇಷ್ಟುದ್ದ ನಾಲಿಗೆ ಇಟ್ಟುಕೊಂಡು ನಾನು ದಿನವೆಲ್ಲ ಹಲ್ಲು ಕಚ್ಚಿ ಮೆಷಿನ್ ತುಳಿಯುತ್ತಿದ್ದೆ.

ಅಕ್ಕನೇ ಒಂದು ದಿನ ಬಟ್ಟೆ ತಂದು, ಕತ್ತಿನವರೆಗೂ ಕಾಲರು ಬರುವ ತುಂಬುತೋಳಿನ ರವಿಕೆ ಹೊಲಿದುಕೊಡು ಎಂದಳು. ಅವಳ ಕೊರಳು ಎದ್ದು ಕಾಣಲೆಂದು ಅಷ್ಟು ವರ್ಷ ಅಗಲ ಕತ್ತಿನ ರವಿಕೆ ಹೊಲಿದುಕೊಟ್ಟವಳು ನಾನು. ಅದೇ ಕೈಯಲ್ಲಿ ಈಗ ಕಾಲರು ಇಟ್ಟೆ. ಬೇಡ ಅನ್ನೋಣವೆಂದರೆ ಅದರ ಬದಲಿಗೆ ತೋರಿಸಲು ನನ್ನಲ್ಲಿ ಬೇರೆ ದಾರಿಯಿರಲಿಲ್ಲ. ಚೈತ್ರದ ಬಿಸಿಲಿನಲ್ಲಿ ಆ ರವಿಕೆ ತೊಟ್ಟು ಬೆವರಿಳಿಸುತ್ತಾ ಕೂತಳು. ಬೆರಳುಗಳನ್ನು ಮಾತ್ರ ಯಾವ ರವಿಕೆಯೂ ಮುಚ್ಚಲಿಲ್ಲ.

ಕೊನೆಗೆ ಅಕ್ಕ ತಾನೇ ಬೊಂಬೆಯನ್ನು ಎತ್ತಿ ತಂದು ಮೆಟ್ಟಿಲ ಮೇಲೆ ನಿಲ್ಲಿಸಿದಳು. ಕೆರೆಮಣ್ಣನ್ನೇ ತೆಳ್ಳಗೆ ಬಳಿದು ಅದರ ಕೊರಳನ್ನು ಕಪ್ಪು ಮಾಡಿದಳು. ಹೆಬ್ಬೆರಳಿನಿಂದ ಒತ್ತಿ ಒಂದು ಗುಳಿಯನ್ನೂ ಮಾಡಿದಳು. ಸರ ತೊಡಿಸಿ ನೋಡಿದರೆ ಅದು ಥೇಟ್ ಅವಳದೇ ಕೊರಳು. “ನೀನೇ ಮಾರು. ನಾನ್ ಮಾಡಿದ್ದು ಅಂತ ಯಾರ್ಗೂ ಏಳ್ಬ್ಯಾಡ” ಎಂದು ರಸ್ತೆ ದಾಟಿ, ಪಾನಿಪೂರಿ ಗಾಡಿಯ ಪಕ್ಕದ ಕಲ್ಲಿನ ಮೇಲೆ ಹೋಗಿ ಕೂತಳು.

ಅಂದಿನಿಂದ ಅವಳ ಜಾಗ ಅದೇ. ಅಲ್ಲಿಂದಲೇ ಸನ್ನೆ. ಕಿವಿ ಮುಟ್ಟಿಕೊಂಡರೆ ಜೊತೆಗೆ ಓಲೆಯನ್ನೂ ತೋರಿಸು ಎಂದು, ಕೈ ಎತ್ತಿದರೆ ಅವರು ಕೇಳಿದ ಬೆಲೆಗೇ ಕೊಡು ಎಂದು. ಗಿರಾಕಿ ಏನು ಕೇಳಿದರೂ ನಾನು ಮೊದಲು ರಸ್ತೆಯಾಚೆ ನೋಡುವುದು ಅಭ್ಯಾಸವಾಯಿತು. ವ್ಯಾಪಾರ ಅಷ್ಟಿಷ್ಟು ಚಿಗುರಿತು. “ಯಾರು ಮಾಡಿದ್ದು ಇದು?” ಎಂದು ಕೇಳುವವರಿಗೆ “ಗೊತ್ತಿರೋರು ಒಬ್ರು” ಅನ್ನುತ್ತಿದ್ದೆ. ಬಂದವರ ಕೊರಳಿಗೆ ಸರ ಕಟ್ಟುವುದು ನನಗೆ ಬರುತ್ತಿರಲಿಲ್ಲ, ಪೊಟ್ಟಣ ಕಟ್ಟಿ ಕೊಟ್ಟುಬಿಡುತ್ತಿದ್ದೆ. ಪೊಟ್ಟಣ ಕೈ ಬದಲಾಗುವಾಗ ಆಚೆ ಬದಿಯಲ್ಲಿ ಅಕ್ಕ ಬೇರೆಲ್ಲೋ ನೋಡುತ್ತಿದ್ದಳು.

ನೋಡಲಾರದೆ ಒಂದು ಮಧ್ಯಾಹ್ನ ಅವಳನ್ನು ಒಳಗೆ ಕರೆದು, ಕನ್ನಡಿ ಮುಂದೆ ನಿಂತು, “ಅಕ್ಕ, ನಂಗೊಂದು ಕಟ್ಟು” ಅಂದೆ. ಕಟ್ಟಿದಳು. ಜಡೆ ಸರಿಸಿ, ಗಂಟು ಹಾಕಿ, ಭುಜ ಹಿಡಿದಳು. “ದಿನಾ ಕಟ್ಟು, ಏನಾಗುತ್ತೆ ಅಂತ ಜನ ನೋಡಲಿ” ಎಂದೆ. ಅಕ್ಕ ನನ್ನ ಭುಜದ ಮೇಲಿಂದ ಕೈ ತೆಗೆದಳು.

“ನಿಂದು ಪಿರೂತಿ ಕಣೇ. ಅದು ನಂಗ್ ಗೊತ್ತು. ಆದ್ರೆ ನಂಗೆ ಬೇಕಾಗಿರೋದು ಗಿರಾಕಿ. ನನ್ ಮಕ ಗೊತ್ತಿಲ್ದೋಳು ಒಬ್ಳು ಬಂದು, ನನ್ ಕತ್ತಲ್ಲಿರೋದ್ನ ನೋಡಿ, ನಂಗೂ ಇಂಥದ್ದೇ ಬೇಕು ಅನ್ಬೇಕು. ಒಬ್ಳಂದ್ರೆ ಒಬ್ಳು.”

ಅಂಥವಳನ್ನು ನಾನು ಎಲ್ಲಿಂದ ತರಲಿ? ಕಟ್ಟಿಸಿಕೊಂಡ ಸರವನ್ನು ಆ ದಿನ ಬಿಚ್ಚದೆ ಮನೆಗೆ ಹೋದೆ, ಅಷ್ಟೇ ನನ್ನ ಕೈಲಾಗಿದ್ದು.

ಹೋದ ಆಷಾಢದಲ್ಲಿ ಜ್ವರ ಎಂದು ಮಲಗಿದ ಅಕ್ಕ ಏಳಲಿಲ್ಲ. ಸುದ್ದಿ ಕೇಳಿ ಅಂಗಡಿಯ ಬಾಗಿಲೆಳೆದೆ. ಬೊಂಬೆಯ ಕೊರಳಿನಲ್ಲಿದ್ದ ಸರವನ್ನು ಯಾಕೆಂದು ಗೊತ್ತಿಲ್ಲದೆಯೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಮೈಸೂರು ಮೈನ್ಸಿಗೆ ಓಡಿದೆ. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ನೋಡಲು ಬರುವವರಿಗೆ ಮುಖ ಕಾಣಲೆಂದು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮುತ್ತೈದೆ ಸಾವು, ಅರಿಸಿನ ಕುಂಕುಮವಾಗಿತ್ತು, ಹೂವಿನ ರಾಶಿ ಮಡಿಲು ತುಂಬಿತ್ತು. ಮೈ ತೊಳೆದು ಹೊಸ ಸೀರೆ ಸುತ್ತುವಾಗ ಆ ಕಾಲರಿನ ರವಿಕೆಯನ್ನು ತೆಗೆದುಬಿಟ್ಟಿದ್ದರು. ತಾಳಿಯ ದಾರ ಬಿಟ್ಟರೆ ಕೊರಳು ಬರಿದು. ಬಿಳುಪು ಅಷ್ಟೂ ಕಾಣುತ್ತಿತ್ತು.

ಮೂಲೆಯಲ್ಲಿ ಕೂತಿದ್ದ ಅವಳ ಗಂಡ ಕೆಮ್ಮಿನ ನಡುವೆ ಅಂದರು: “ಅವ್ಳ ಕತ್ತು ಯಾವತ್ತೂ ಇಂಗೆ ಇರ್ಲಿಲ್ಲ ಕಣಮ್ಮ. ಏನಾರಾ ಆಕು.”

ನಾನು ಗೋಡೆಗೂ ಅವಳಿಗೂ ನಡುವೆ ಕೈ ತೂರಿಸಿ ಸರ ಕಟ್ಟಿದೆ. ಗಂಟು ಸರಿಯಾಗಿ ಬೀಳಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದೆ. ಕೊರಳು ತಣ್ಣಗಿತ್ತು. ಪದಕ ಮಾತ್ರ ಜಾರಿಕೊಂಡು ಹೋಗಿ ತನ್ನ ಗುಳಿಯಲ್ಲಿ ಕೂತಿತು. ಅದನ್ನು ನೋಡಿ ನಾನು ಗೊಳೋ ಎಂದು ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಗಂಡನ ಕಡೆಯ ದೂರದ ನಂಟರು ಬಂದರು. ಅವರ ಜೊತೆ ಒಬ್ಬಳು ಹೊಸ ಸೊಸೆ, ಅಕ್ಕನನ್ನು ಹಿಂದೆಂದೂ ಕಂಡವಳಲ್ಲ. ಹೂವು ಹಾಕಲು ಬಗ್ಗಿದವಳು ಬಗ್ಗಿದ ಹಾಗೇ ನಿಂತಳು. ಪದಕವನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿ, ಮತ್ತೆ ಅಲ್ಲಿಯೇ ಕೂರಿಸಿದಳು. ಅವಳ ಬೆರಳು ಆ ಬಿಳುಪಿಗೆ ತಾಕಿತು, ಅವಳು ಅದನ್ನು ಗಮನಿಸಿದಂತೆಯೇ ಕಾಣಲಿಲ್ಲ. ಪಕ್ಕಕ್ಕೆ ಬಂದು ನನ್ನ ಕಿವಿಯಲ್ಲಿ ಕೇಳಿದಳು:

“ಈ ಸರ ಯಾರು ಮಾಡಿದ್ದಕ್ಕ?”

“ಅಕ್ಕಾನೇ” ಎಂದೆ. “ಅಗೋ, ಅಲ್ಲಿ ಕೂತಿದ್ದಾಳಲ್ಲ, ಅವಳೇ.”

ಅವಳು ಇನ್ನೊಮ್ಮೆ ತಿರುಗಿ ನೋಡಿದಳು. “ಸಾವಿನ ಮನೇಲಿ ಕೇಳಬಾರ್ದು” ಎಂದು ತಡವರಿಸಿದಳು. “ನಂಗೂ ಇಂಥದ್ದೇ ಬೇಕಿತ್ತು. ಸಿಕ್ತದಾ?”

ಗಿರಾಕಿ ಬಂದಿದ್ದಳು. ನಾನು ಅಭ್ಯಾಸದಂತೆ ಸನ್ನೆಗೆಂದು ಅಕ್ಕನ ಕೈ ಕಡೆ ನೋಡಿದೆ. ಕೈಗಳೆರಡೂ ಮಡಿಲಲ್ಲಿ, ಹೂವಿನ ಕೆಳಗೆ ಇದ್ದವು.